ಜಾಗ ನುಂಗುವ ಕಂಪ್ಯೂಟರು

“ತಂಗಿ ಮದುವಿ ಕಾರ್ಡು ಪ್ರೆಸ್ಸಿಗೆ ಕೊಡೋದಾ? ಮನ್ಯಾಗ ಕಂಪ್ಯೂಟರ್ ಇಟ್ಕಂಡು? ಶುಕ್ರವಾರದೊಳಗ ನಾನ ಮಾಡ್ತೀನಿ, ನೋಡ್ತಿರು!”

ಹೊಸಪೇಟೆ ಚಿತ್ತವಾಡ್ಗಿಯ ತಿಪ್ಪೇಶ್ ಹೆಂಡತಿ ಪೂಜಿತಾಳ ಮುಂದೆ ಹೀಗೆ ಎದೆ ತಟ್ಟಿಕೊಂಡ. ಕಂಪ್ಯೂಟರೇನೋ ಇತ್ತು. ಅವನು ಕೆಲಸ ಮಾಡುವ ಸಂಡೂರಿನ ಗಣಿ ಆಫೀಸಿಗೆ ಅದಿರಿನ ಭರಾಟೆಯಲ್ಲಿ ಹೊಸವು ಬಂದಿದ್ದವು. ನಾಲ್ಕೇ ಜಿಬಿ ಡಿಸ್ಕಿನ ಹಳೇ ಡಬ್ಬ ಇವನ ಪಾಲಾಗಿತ್ತು. ಜೀಪಿಗೇರಿಸುವಾಗ ವಾಚ್‌ಮನ್ ತಾಯಪ್ಪ ಕಿವಿಯಲ್ಲಿ ಉಸುರಿದ್ದ: “ಇದರ ಮುಂದ ಕುಂದ್ರತಿದ್ದ ಕ್ಲರ್ಕು ಕುಂತಲ್ಲೇ ಹೋದ್ನಪಾ. ಹುಷಾರು.” ತಿಪ್ಪೇಶ್ ಮನೆಯಲ್ಲೂ ಅದನ್ನು ಹೇಳಿ ನಗಿಸಿದ್ದ.

ಸೋಮವಾರ ಸಂಜೆ ಕಾರ್ಡು ಮಾಡುವ ಸಾಫ್ಟ್‌ವೇರಿನ ಸಿ.ಡಿ. ಹಾಕಿದರೆ, ಡಿಸ್ಕಿನಲ್ಲಿ ಜಾಗ ಸಾಲದು ಎಂದು ಕಂಪ್ಯೂಟರ್ ಮೊಂಡು ಹಿಡಿಯಿತು. ಹುಡುಕಿದ. ಬರೀ ನಂಬರು ಬರೆದ ದಪ್ಪ ದಪ್ಪ ಫೈಲುಗಳು! ಸತ್ತ ಕ್ಲರ್ಕಿನವೇ ಇರಬೇಕೆಂದು ತೆರೆದೂ ನೋಡದೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. ಏಳುನೂರು ಎಂಬಿ ಖಾಲಿಯಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಮಂಗಳವಾರ ಬಂದು ನೋಡಿದರೆ ಉಳಿದದ್ದು ಎಂಬತ್ತು! ಅವವೇ ದಪ್ಪ ಫೈಲುಗಳು ಸಾಲಾಗಿ ಕೂತಿದ್ದವು.

“ಇದನ್ನ ಯಾರರ ಮುಟ್ಟಿದ್ರೇನು?”

“ಯಾರು ಮುಟ್ಟತಾರ್ರೀ?” ಎಂದಳು ಪೂಜಿತಾ, ಒಲೆಯ ಕಡೆಯಿಂದ ಮುಖ ತಿರುಗಿಸದೆ.

ಮಾನಿಟರಿನ ನೆತ್ತಿಯ ಮೇಲೆ ಕೆಂಪಗೆ ಏನೋ ಇತ್ತು. ಅದಿರಿನ ಧೂಳು ಎಂದುಕೊಂಡ. ಹೊಸಪೇಟೆಯಲ್ಲಿ ಅನ್ನದ ಮೇಲೂ ಅದು ಕೂರುತ್ತದೆ. ಆದರೆ ಧೂಳಿಗೆ ಬೆರಳಿರುತ್ತದೆಯೇ? ಒಂದು ಬೆರಳಿನ ಗುರುತು ಅಲ್ಲಿ ಸ್ಪಷ್ಟವಾಗಿ ಮೂಡಿತ್ತು. ಎಲ್ಲವನ್ನೂ ಮತ್ತೆ ಅಳಿಸಿ, ಮೆಷೀನು ಆರಿಸಿ, ಹೊದ್ದು ಮಲಗಿದ. ಹೆಂಡತಿಗೆ ಹೇಳಲುಂಟೇ? ಎದೆ ತಟ್ಟಿಕೊಂಡು ಇನ್ನೂ ಎರಡು ದಿನವಾಗಿರಲಿಲ್ಲ!

ಬುಧವಾರ ಅರ್ಧ ರಜೆ ಹಾಕಿ ಮಟಮಟ ಮಧ್ಯಾಹ್ನ ಮನೆಗೆ ಬಂದ. ಬಾಗಿಲಿಗೆ ಬೀಗ. ತೆಗೆದು ಒಳಗೆ ಹೋದರೆ ಯಾರೂ ಇಲ್ಲ; ಕಂಪ್ಯೂಟರ್ ಮಾತ್ರ ಗುಂಯ್ ಎನ್ನುತ್ತಿತ್ತು. ಕೆಂಪು ಗುರುತು ಈಗ ಎರಡಾಗಿತ್ತು. ಜಾಗ ಮತ್ತೆ ಭರ್ತಿ. ಈ ಸಲ ಒಂದು ಫೈಲು ಒತ್ತಿದ.

“ಬಾ...ರೇ... ಹೊ...ಸ್ತಿಲ... ದಾ...ಟಿ... ಒಳಗ... ಬಾ...ರೇ...”

ಗಂಡೋ ಹೆಣ್ಣೋ ತಿಳಿಯದ, ನೆಲದೊಳಗಿಂದ ಎಳೆದು ತಂದಂಥ ದನಿ! ತಿಪ್ಪೇಶ್ ಕಣ್ಣು ಮುಚ್ಚಿ ಅಷ್ಟನ್ನೂ ಅಳಿಸಿದ. ಕಸದ ಬುಟ್ಟಿಯನ್ನೂ ಮತ್ತೆ ಖಾಲಿ ಮಾಡಿದ. ಅದೇ ಧೈರ್ಯದಲ್ಲಿ ಸಿ.ಡಿ. ತುರುಕಿದ. ಸಾಫ್ಟ್‌ವೇರ್ ಕೂತೇ ಬಿಟ್ಟಿತು! ದೆವ್ವವನ್ನೇ ಓಡಿಸಿದ ಗಂಡಸು ತಾನೆಂದು ಅವನು ಮೀಸೆ ತಿರುವುವಾಗ ಅವ್ವ ಕೊಟ್ರಮ್ಮ, ಹಿಂದೆ ಪೂಜಿತಾ ಒಳಗೆ ಬಂದರು.

“ಅತ್ತಿ, ಇವತ್ತೂ ಹೋಗ್ಯಾವ!” ಪೂಜಿತಾ ಪರದೆ ನೋಡಿ ಚೀರಿದಳು.

ಕೊಟ್ರಮ್ಮ ಕುಸಿದು ಕುಂತಳು. “ಮೂರು ದಿನ ಆತು ತಿಪ್ಪೇಶಾ. ದಿನಾ ಹಾಡತೀನಿ, ದಿನಾ ನುಂಗತಾನ ಆ ಕ್ಲರ್ಕು. ಮೆಷೀನಿಗೆ ಕುಂಕುಮ ಹಚ್ಚಿದ್ರೂ ಕೇಳವಲ್ಲ.”

“ಹಾಡಾ?”

“ಗಂಡ ಇಲ್ಲದಾಕಿ ನಾ, ಹಂದರದಾಗ ನಿಂತು ಸೋಬಾನ ಹಾಡಾಕ ಬರತೈತೇನು? ‘ನಿನ್ ದನಿ ಇಲ್ಲದ ನಾ ಹಸೀಮಣಿ ಏರಂಗಿಲ್ಲ’ ಅಂತ ನಿನ್ನ ತಂಗಿ ತ್ರಿವೇಣಿ ಹಟ ಹಿಡದಾಳ. ಅದಕ್ಕ ಪೂಜಿತಾ ಮೈಕ್ ಹಚ್ಚಿ ತುಂಬಿಸತಿದ್ಲು. ನಿನಗ ಹೇಳಾಕ ನಾಚಿಕಿ ಬಂತಪಾ.”

ಅಪ್ಪ ಹೋಗಿ ಒಂಬತ್ತು ವರ್ಷ. ಅಂದಿನಿಂದ ಅವ್ವ ಹಾಡಿದ್ದನ್ನು ತಿಪ್ಪೇಶ್ ಕೇಳಿರಲೇ ಇಲ್ಲ. ಇಂದು ಕೇಳಿದ್ದ, ಹೆದರಿ ಅಳಿಸಿದ್ದ.

“ದನಿ... ಭಾಳ ಎಳೀತಿತ್ತಲಬೇ,” ಎಂದ.

“ಮೆಷೀನು ತುಂಬಿದ್ರ ಹಂಗ ಎಳೀತೈತ್ರೀ,” ಎಂದವಳೇ ಪೂಜಿತಾ ಗಕ್ಕನೆ ನಿಂತಳು. “ತಡೀರಿ. ನೀವ್ಯಾವಾಗ ಕೇಳಿದ್ರಿ?”

ಕ್ಲರ್ಕಿನ ದೆವ್ವ ಆ ಕ್ಷಣದಲ್ಲೇ ಸಿಕ್ಕಿಬಿದ್ದಿತು.

ಅವ್ವನ ಹಾಡಿಗೆ ಜಾಗವಾಗಲೆಂದು ತಿಪ್ಪೇಶ್ ತಾನೇ ಕೂತು ಸಾಫ್ಟ್‌ವೇರ್ ಕಿತ್ತುಹಾಕಿದ. “ಮತ್ತ ಕಾರ್ಡು?” ಎಂದು ತಲೆ ಕೆರೆದುಕೊಂಡ.

“ದೆವ್ವದ ಮೆಷೀನು ನಂಬಿದ್ರ ಮದುವಿ ಮುಗದ ಮ್ಯಾಲ ಕಾರ್ಡು ಬರತಾವಂತ, ಈಗ ಪ್ರೆಸ್ಸಿಗೆ ಕೊಟ್ಟು ಬಂದ್ವಿ,” ಎಂದಳು ಪೂಜಿತಾ.

“ನೀ ಹೊರಗ ಕುಂದ್ರು,” ಎಂದಳು ಕೊಟ್ರಮ್ಮ. “ನೀ ಇದ್ರ ನನಗ ದನಿ ಏಳಂಗಿಲ್ಲ.”

ಕಟ್ಟೆಯ ಮೇಲೆ ಬಿಸಿಲಲ್ಲಿ ಕೂತ. ಒಳಗೆ ಒಂಬತ್ತು ವರ್ಷ ಮುಚ್ಚಿಟ್ಟ ದನಿ ಮೆಲ್ಲಗೆ ಎದ್ದಿತು: “ಬಾರೇ, ಹೊಸ್ತಿಲ ದಾಟಿ ಒಳಗ ಬಾರೇ...” ಕಣ್ಣು ತುಂಬಿ, ತನಗರಿವಿಲ್ಲದೆ ಎದ್ದು ಬಾಗಿಲವರೆಗೆ ಬಂದ.

ಪೂಜಿತಾ ಅಡ್ಡ ನಿಂತಳು.

“ಕರದಿದ್ದು ಮದುಮಗಳನ್ನ ರೀ! ದೆವ್ವ ಹೊರಗ ಇರಲಿ.”