ಲಾವಂಚದ ದಿಂಬಿನ ಕುಂದು

ಬೂರುಗದ ಕಾಯಿ ಬಿರಿಯುವ ಕಾಲ, ಬೆಳಗಿನ ನಮಾಜು ಮುಗಿದ ಹೊತ್ತು. ಓಣಿಗೆ ಇನ್ನೂ ಫೋನು ಬಾರದ ದಿನಗಳ ಮಾತು. ಹತ್ತಿಯ ಎಳೆಗಳು ದಾರಿ ಮರೆತ ಮೋಡದ ಮರಿಗಳ ಹಾಗೆ ಅಂಗಳದಿಂದ ಅಂಗಳಕ್ಕೆ ತೇಲುತ್ತಿದ್ದವು. ದಿಂಬು ಹೊಲಿಯುವ ಕಾರ್ಸೊನೊಗೆ ಮಾತ್ರ ಚಿಂತೆ ಹತ್ತಿತ್ತು.

ಹತ್ತಿಯ ನಡುವೆ ಲಾವಂಚದ ಬೇರು ತುಂಬಿ ಹೊಸ ಬಗೆಯ ದಿಂಬು ಮಾಡಿದ್ದ. ತಲೆಯಿಟ್ಟರೆ ಮೊದಲ ಮಳೆಯ ಮಣ್ಣಿನ ಮೇಲೆ ಮಲಗಿದ ಹಾಗಿರುತ್ತಿತ್ತು. ಮಧ್ಯಾಹ್ನ ಸೆಮಾರಾಂಗ್ ಪಟ್ಟಣದ ವ್ಯಾಪಾರಿ ಹೆಂದ್ರೊ ನೋಡಲು ಬರುವವನಿದ್ದ. ಅವನು ಒಪ್ಪಿದರೆ ವರ್ಷವಿಡೀ ಕೆಲಸ. ಇಲ್ಲವಾದರೆ ಸ್ಪಂಜಿನ ದಿಂಬುಗಳ ಹಾವಳಿಗೆ ಅಂಗಡಿ ಮುಚ್ಚುವುದೊಂದೇ ದಾರಿ. ಅದಕ್ಕೇ ಹೆಂಡತಿ ಸುಮಿಯೆಮ್ ಹೇಳಿದಂತೆ, ಹೊಲಿದಿದ್ದ ಎರಡನ್ನೂ ವಾರದ ಹಿಂದೆ ಬಳಸಿ ನೋಡಲೆಂದು ನೆರೆಯ ಎರಡು ಮನೆಗೆ ಕೊಟ್ಟಿದ್ದ.

ಇಬ್ಬರೂ ಚೆನ್ನಾಗಿದೆ ಅಂದಿದ್ದರು. ಅದೇ ಅವನ ಸಂಕಟ. ನಮ್ಮ ಜಾವಾದಲ್ಲಿ ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ.

ಪಕ್ಕದ ಮನೆಯ ಲಸ್ತ್ರಿಯ ಜಗಲಿಯಲ್ಲಿ ಹೋಗಿ ಕೂತು, ಗೌರವದಿಂದಲೇ ಹಠ ಹಿಡಿದ. "ಬು ಲಸ್ತ್ರಿ, ಕುಂದು ಏನೂಂತ ಹೇಳದೆ ನಾನು ಏಳೋನಲ್ಲ."

ಅವಳು ಚಹಾ ಕೊಟ್ಟಳು, ಬಾಳೆಹಣ್ಣು ಕೊಟ್ಟಳು, ಅವನ ಆಡುಗಳ ಕ್ಷೇಮ ಕೇಳಿದಳು. ಅವನು ಏಳಲಿಲ್ಲ. ಕೊನೆಗೆ ನೆಲ ನೋಡುತ್ತ, "ವಾಸನೆ ಒಂಚೂರು ಜಾಸ್ತಿಯೇನೋ, ಪಾಕ್ ಕಾರ್ಸೊನೊ," ಎಂದಳು.

ಕಾರ್ಸೊನೊಗೆ ನಿಧಿ ಸಿಕ್ಕಂತಾಯಿತು. ಕ್ಷೌರದ ಮಾರ್ತೊನ ಮನೆಯಲ್ಲೂ ಹಾಗೇ ಬೇರುಬಿಟ್ಟು ಕೂತು, ದಿಂಬು ತುಸು ಎತ್ತರ ಎಂಬ ಮಾತನ್ನು ಪಡೆದ. ಎರಡೂ ದಿಂಬು ಮನೆಗೆ ತಂದು ಬಿಚ್ಚಿ, ಬೇರನ್ನೆಲ್ಲ ಒಲೆಗೆ ಹಾಕಿ, ಅರ್ಧ ಹತ್ತಿ ತೆಗೆದು ಮತ್ತೆ ಹೊಲಿದ.

"ಇದು ದಿಂಬಾ, ಮಡಚಿಟ್ಟ ಸರೋಂಗ್ ಪಂಚೆಯಾ?" ಎಂದಳು ಸುಮಿಯೆಮ್.

"ಬಳಸಿದೋರೇ ಹೇಳಿದ್ದು ಕಣೆ."

ಹೆಂದ್ರೊ ಬಂದ. ಬೆಂಚಿನ ಮೇಲೆ ಮಲಗಿ ದಿಂಬಿಗೆ ತಲೆಯಿಟ್ಟು, ತೇಲುವ ಹತ್ತಿಯನ್ನು ಬಹಳ ಹೊತ್ತು ನೋಡಿದ. ಎದ್ದು ಕತ್ತು ನೀವಿಕೊಂಡು, ತುಂಬ ಚೆನ್ನಾಗಿದೆ ಎಂದ. ಎರಡು ಲೋಟ ಚಹಾ ಕುಡಿದು ಇನ್ನೊಂದು ಸಲ ಹೊಗಳಿದ. ಕೊಳ್ಳುವ ಮಾತೆತ್ತದೆ ಬಸ್ಸಿಗೆ ಹೊರಟ.

ಅವನು ತಿರುವು ದಾಟುವಷ್ಟರಲ್ಲಿ ಲಸ್ತ್ರಿ ಬಂದಳು. ಹಿಂದೆಯೇ ಆಕಳಿಸುತ್ತ ಮಾರ್ತೊ.

"ಪಾಕ್, ಆ ದಿಂಬು ವಾಪಸ್ ಕೊಡ್ತೀರಾ? ಅದಿಲ್ಲದೆ ಮಧ್ಯಾಹ್ನ ಕಣ್ಣೇ ಮುಚ್ಚಲಿಲ್ಲ."

"ವಾಸನೆ ಜಾಸ್ತಿ ಅಂದ್ರಲ್ಲ?"

ಲಸ್ತ್ರಿ ಸೆರಗಿನ ತುದಿ ತಿರುವಿದಳು. "ಅಷ್ಟು ಹೊತ್ತು ಕೂತು ಕೇಳಿದ್ರಿ. ನಿಮ್ಮನ್ನ ಬರಿಗೈಲಿ ಹೇಗೆ ಕಳಿಸೋದು?"

ಮಾರ್ತೊ ಕೂಡ ತಲೆಯಾಡಿಸಿದ. ಒಲೆಯಿಂದ ಲಾವಂಚದ ಕೊನೆಯ ಪರಿಮಳ ಓಣಿಗೆಲ್ಲ ಹರಡುತ್ತಿತ್ತು. ಕಾರ್ಸೊನೊ ಬಸ್ಸು ನಿಲ್ಲುವಲ್ಲಿಗೆ ಬರಿಗಾಲಲ್ಲಿ ಓಡಿದ, ಕೂಗಿದ.

ಹೆಂದ್ರೊ ನಮ್ಮೂರು ಬಿಟ್ಟಿದ್ದು ಆ ಬುಧವಾರವೇ, ಮೂರು ಗಂಟೆಯ ಬಸ್ಸಿಗೆ. ಚಲಿಸುವ ಕಿಟಕಿಯಿಂದ ಕೈಬೀಸುತ್ತ, ದಿಂಬು ತುಂಬ ಚೆನ್ನಾಗಿದೆ ಎನ್ನುತ್ತ.