ಜೀಪಿನೊಳಗೆ ಬೆಳೆದ ಕುಂಬಳಕಾಯಿ ಹಾಗೂ ಕುಟುಂಬಸಮೇತ ಕೊಯ್ಲಿನ ಕೂಟ

ಇಲಾಖೆಯ ಉಪ ಕಚೇರಿ
(ಹಳೆಯ ಕಟ್ಟಡ, ಹಿಂಬದಿಯ ಮೆಟ್ಟಿಲು)

ಸಂಖ್ಯೆ: ಉಕ/ಕೊಯ್ಲು/ಕುಂಬಳ/ಪರಿಷ್ಕೃತ
ದಿನಾಂಕ: ಕೂಟ ಮುಗಿದ ನಂತರದ ಎರಡನೇ ಶುಕ್ರವಾರ

ಸುತ್ತೋಲೆ

ವಿಷಯ: ಶರತ್ಕಾಲದ ಕುಟುಂಬಸ್ನೇಹಿ ಕೊಯ್ಲಿನ ಕೂಟವನ್ನು ಯೋಜಿಸುವ ಬಗ್ಗೆ, ಹಿಂದಿನ ಸೂಚನೆಗಳನ್ನು ಹಿಂಪಡೆಯುವ ಕುರಿತು.

ಉಲ್ಲೇಖ: (ಅ) ಇದೇ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
(ಆ) ಕೇಂದ್ರ ಕಚೇರಿಯು ಕೇಳಿರುವ ವಿವರಣೆ.
(ಇ) ಕೆಳಸಹಿದಾರರ ಪತ್ನಿಯವರ ಮೌಖಿಕ ಆದೇಶ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಕಚೇರಿಯಲ್ಲಿ ನಡೆದ ಕೊಯ್ಲಿನ ಕೂಟವು ಯೋಜಿಸಿದಂತೆ ನಡೆಯದೆ ಚೆನ್ನಾಗಿ ನಡೆದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಯೋಜಿಸಿದವರು ಕೆಳಸಹಿದಾರರು, ಅಂದರೆ ಈ ಕಚೇರಿಯ ಮುಖ್ಯಸ್ಥನಾದ ನಾನು. ಮುಂದಿನ ವರ್ಷದ ಕೂಟಕ್ಕೆ ಅನ್ವಯವಾಗುವಂತೆ, ನಡೆದ ಸಂಗತಿಗಳನ್ನೂ ಅವುಗಳಿಂದ ಹುಟ್ಟಿದ ನಿಯಮಗಳನ್ನೂ ಈ ಕೆಳಗೆ ನಮೂದಿಸಲಾಗಿದೆ.

1. ಕಚೇರಿಯ ಹಿತ್ತಲಿನಲ್ಲಿ ಹರಾಜಿಗಾಗಿ ವರ್ಷಗಳಿಂದ ಕಾದು ನಿಂತಿರುವ ಹಳೆಯ ಜೀಪಿನ ಪಕ್ಕ, ಯಾರ ಅನುಮತಿಯನ್ನೂ ಪಡೆಯದೆ ಕುಂಬಳದ ಬಳ್ಳಿಯೊಂದು ಹುಟ್ಟಿಕೊಂಡಿತು. ಅದು ಜೀಪಿನ ಒಡೆದ ಕಿಟಕಿಯಿಂದ ಒಳನುಗ್ಗಿ ಹಿಂದಿನ ಸೀಟಿನಲ್ಲಿ ಒಂದು ಕಾಯಿ ಬಿಟ್ಟಿತು. ಬೀಜ ಬಿತ್ತಿದವರು ಯಾರು ಎಂದು ಕೆಳಸಹಿದಾರರು ಎಲ್ಲ ಸಿಬ್ಬಂದಿಗೂ ಜ್ಞಾಪನ ಹೊರಡಿಸಿದರು. ಬಿತ್ತಿದವರು ಕೆಳಸಹಿದಾರರೇ ಎಂದು ತನಿಖೆಯಿಂದ ತಿಳಿದುಬಂದಿತು. ಮಧ್ಯಾಹ್ನದ ಬಿಡುವಿನಲ್ಲಿ ಕೊಂಡು ತಂದ ಅರ್ಧ ಕುಂಬಳಕಾಯಿಗೆ ಇರುವೆ ಮುತ್ತಿದ್ದರಿಂದ, ಕವರು ಕತ್ತರಿಸುವ ಚಾಕುವಿನಿಂದ ಅದರ ತಿರುಳು ಕೆರೆದು ಕಿಟಕಿಯಿಂದಾಚೆಗೆ ಎಸೆದವರು ಅವರೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪದ್ಧತಿ ಇದೆಯಷ್ಟೆ. ಕೆಳಸಹಿದಾರರಿಗೆ ಆ ಅವಕಾಶವೂ ಸಿಗಲಿಲ್ಲ. ಚಾಕುವಿಗೆ ಅಂಟಿಕೊಂಡಿದ್ದ ಬೀಜವನ್ನು ಹಿರಿಯ ಬೆರಳಚ್ಚುಗಾರ್ತಿಯವರೇ ತೋರಿಸಿದರು. ಆದ್ದರಿಂದ ಮುಂದೆ ಯಾವುದೇ ಜ್ಞಾಪನ ಹೊರಡಿಸುವ ಮುನ್ನ ಅಧಿಕಾರಿಗಳು ಮೊದಲು ತಮ್ಮನ್ನು ತಾವೇ ವಿಚಾರಿಸಿಕೊಳ್ಳತಕ್ಕದ್ದು.

2. ಕಾಯಿ ಹಣ್ಣಾಗುತ್ತಾ ಬಂದಾಗ, ಎಲ್ಲರೂ ಒಂದು ರಜೆಯ ದಿನ ಮನೆಯವರನ್ನು ಕರೆತಂದು, ಕಾಯಿ ಕೊಯ್ದು, ಹೋಳು ಹಂಚಿಕೊಂಡು ಹೋದರಾಯಿತು ಎಂದು ಸದರಿ ಬೆರಳಚ್ಚುಗಾರ್ತಿಯವರು ಸಲಹೆ ನೀಡಿದರು. ಒಂದು ಉಸಿರಿನಲ್ಲಿ ಮುಗಿಯುವ ಈ ಸಲಹೆಯನ್ನು ಕೆಳಸಹಿದಾರರು ಒಂದು ಕಡತವಾಗಿ ಬೆಳೆಸಿದರು. ಬೆಳೆಯಲು ಬಳ್ಳಿಗೆ ಮಳೆಗಾಲವಿಡೀ ಬೇಕಾಗಿತ್ತು. ಕಡತಕ್ಕೆ ವಾರ ಸಾಕಾಯಿತು.

3. ಹಿಂದಿನ ಸುತ್ತೋಲೆಯಲ್ಲಿ "ಕುಟುಂಬ" ಎಂದರೆ ಸೇವಾ ದಾಖಲೆಯಲ್ಲಿ ಹೆಸರಿರುವವರು ಮಾತ್ರ ಎಂದು ವಿಧಿಸಲಾಗಿತ್ತು. ಕೂಟದ ದಿನ ಅತ್ತೆ, ಮಾವ, ನಾದಿನಿ, ಷಡ್ಡಕ, ಪಕ್ಕದ ಮನೆಯ ಅಜ್ಜಿ, ಹಾಗೂ ಯಾರ ಕಡೆಯವರೆಂದು ಇಂದಿಗೂ ಗೊತ್ತಾಗದ ದಪ್ಪ ಮೀಸೆಯ ಒಬ್ಬರು ಆಗಮಿಸಿದರು. ಮೀಸೆಯವರು ಕುರ್ಚಿ ಜೋಡಿಸಿ, ನೀರು ತುಂಬಿಸಿ, ಕೊನೆಗೆ ಕಸ ಗುಡಿಸಿ ಹೋದರು. ಸೇವಾ ದಾಖಲೆಯಲ್ಲಿ ಹೆಸರಿದ್ದವರ ಪೈಕಿ ಯಾರೂ ಅಷ್ಟು ಸೇವೆ ಮಾಡಿಲ್ಲ. ಹೀಗಾಗಿ ಸದರಿ ವ್ಯಾಖ್ಯಾನವನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಬಂದವರೆಲ್ಲರೂ ಕುಟುಂಬ.

4. ಮಕ್ಕಳ ಆಟವೆಂದು "ಸಾಲಾಗಿ, ಸದ್ದಿಲ್ಲದೆ ನಿಲ್ಲುವ ಸ್ಪರ್ಧೆ"ಯನ್ನು ಏರ್ಪಡಿಸಲಾಗಿತ್ತು. ಇದನ್ನು ರೂಪಿಸಿದವರು ಯಾರೆಂದು ಪ್ರತ್ಯೇಕವಾಗಿ ಹೇಳುವ ಅಗತ್ಯವಿಲ್ಲ. ಸ್ಪರ್ಧೆ ಆರಂಭವಾಗುವ ಮೊದಲೇ ಮಕ್ಕಳು ಚದುರಿ ಹೋದ ಕಾರಣ, ಗೋಡೆಗೆ ಒರಗಿ ನಿದ್ರೆ ಹೋಗಿದ್ದ ದಾಖಲೆ ಶಾಖೆಯವರ ಮಾವನವರನ್ನು ವಿಜೇತರೆಂದು ಘೋಷಿಸಲಾಯಿತು. ಬಹುಮಾನದ ಪೀಪಿಯನ್ನು ಅವರು ಎಚ್ಚರವಾದ ಕೂಡಲೇ ಊದಲು ಆರಂಭಿಸಿ, ಸಂಜೆಯವರೆಗೂ ನಿಲ್ಲಿಸಲಿಲ್ಲ. ಮುಂದಿನ ವರ್ಷ ಮಕ್ಕಳ ಆಟವನ್ನು ಮಕ್ಕಳೇ ಯೋಜಿಸತಕ್ಕದ್ದು. ಹಿರಿಯರಿಗೆ ಪೀಪಿ ವಿತರಿಸತಕ್ಕದ್ದಲ್ಲ.

5. ಸದರಿ ಜೀಪಿನ ಚಾಲಕರನ್ನು ಕಚೇರಿಯಲ್ಲಿ ಎಲ್ಲರೂ "ಗೇರಣ್ಣ" ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ನಮೂದಿಸಲಾಗಿದೆ. ಇಂಜಿನ್ ಕೆಟ್ಟು ಜೀಪು ನಿಂತ ದಿನದಿಂದ ಅವರನ್ನು ಟಪಾಲು ಶಾಖೆಯಲ್ಲಿ ಕವರುಗಳಿಗೆ ಅಂಟು ಹಚ್ಚಲು ನೇಮಿಸಲಾಗಿದೆ. ಕವರನ್ನು ಅಂಟಿಸಿ ಮೇಜಿನ ಬಲಕ್ಕೆ ಇಡುವ ಮೊದಲು ಅವರು ಈಗಲೂ ಒಮ್ಮೆ ಬಲಗಡೆ ಹಿಂತಿರುಗಿ ನೋಡುತ್ತಾರೆ. ಜೀಪು ಒಂದು ಕಡೆಗೆ ವಾಲಿದ್ದರೆ ಛಾಯಾಚಿತ್ರದಲ್ಲಿ ಇಲಾಖೆಯ ಗೌರವವೂ ವಾಲಿದಂತೆ ಕಾಣುವುದೆಂದು, ಚಕ್ರಗಳಿಗೆ ಗಾಳಿ ತುಂಬಿಸಿ ನೆಟ್ಟಗೆ ನಿಲ್ಲಿಸಲು ಕೆಳಸಹಿದಾರರು ಲಿಖಿತ ಆದೇಶ ನೀಡಿದರು. ಗೇರಣ್ಣ ಅಂದು ಎಲ್ಲರಿಗಿಂತ ಮೊದಲು ಬಂದು, ಮನೆಯಿಂದ ತಂದ ಪಂಪಿನಿಂದ ಗಾಳಿ ತುಂಬಿ, ಗಾಜು ಒರೆಸಿ, ಗಾಲಿಗಳಿಗೆ ಎಣ್ಣೆಯನ್ನೂ ಬಿಟ್ಟರು. ಎಣ್ಣೆಯ ಪ್ರಸ್ತಾಪ ಆದೇಶದಲ್ಲಿ ಇರಲಿಲ್ಲ.

6. ಕೆಳಸಹಿದಾರರ ಸ್ವಾಗತ ಭಾಷಣ ನಡೆಯುತ್ತಿರುವಾಗ ಸಭಿಕರು ಒಬ್ಬೊಬ್ಬರಾಗಿ ನೆರಳಿನ ಕಡೆಗೆ ಸರಿದರು. ಭಾಷಣದ ಕೊನೆಯ ಭಾಗವನ್ನು ಮೈಕಿನವರಿಗೆ ಮಾತ್ರ ಮಾಡಲಾಯಿತು. ಅವರಿಗೆ ಬೇರೆ ದಾರಿ ಇರಲಿಲ್ಲ. ತದನಂತರ ಕೆಳಸಹಿದಾರರು ರಿಬ್ಬನ್ ಕಟ್ಟಿದ ಕತ್ತರಿಯಿಂದ ಕಾಯಿಯ ತೊಟ್ಟನ್ನು ಕತ್ತರಿಸಿದರು. ಚಪ್ಪಾಳೆಯಾಯಿತು. ಕಾಯಿಯನ್ನು ಹೊರತೆಗೆಯಲು ಮುಂದಾದಾಗ, ಅದು ಒಳಗೇ ಬೆಳೆದು ಕಿಟಕಿಗಿಂತ ದೊಡ್ಡದಾಗಿರುವುದೂ, ಹಿಂಬಾಗಿಲು ತುಕ್ಕು ಹಿಡಿದು ಕಚ್ಚಿಕೊಂಡಿರುವುದೂ ಕಂಡುಬಂದಿತು. ಇಡೀ ಯೋಜನೆಯಲ್ಲಿ ಕಾಯಿ ಹೊರಗೆ ಬರುವುದು ಹೇಗೆಂಬ ಕಂಡಿಕೆಯೇ ಇರಲಿಲ್ಲ. ಕುದುರೆ ಹೊರಟ ಮೇಲೆ ಲಾಯಕ್ಕೆ ಬೀಗ ಹಾಕುವವರನ್ನು ಕೇಳಿದ್ದೇವೆ. ಬಾಗಿಲೇ ಇಲ್ಲದ ಲಾಯದಲ್ಲಿ ಕುದುರೆ ಸಾಕಿದವರು ಕೆಳಸಹಿದಾರರು ಒಬ್ಬರೇ.

7. ಮುಂಬಾಗಿಲಿನ ಕಡೆಯಿಂದಾದರೂ ಯತ್ನಿಸೋಣವೆಂದು ಗೇರಣ್ಣ ತಮ್ಮ ಜೇಬಿನಿಂದ ಬೀಗದ ಕೈ ತೆಗೆದರು. ಅದನ್ನು ಕಚೇರಿಗೆ ಒಪ್ಪಿಸದೆ ಮನೆಯ ಬೀಗದ ಕೈಯೊಂದಿಗೆ ಇಟ್ಟುಕೊಂಡಿದ್ದರ ಬಗ್ಗೆ ಪ್ರತ್ಯೇಕ ಕ್ರಮ ಜರುಗಿಸುವುದನ್ನು ಕೈಬಿಡಲಾಗಿದೆ. ಬಾಗಿಲು ತೆರೆಯಿತು. ಕಾಯಿ ಸೀಟುಗಳ ನಡುವೆ ಸಿಕ್ಕಿ ಮಿಸುಕಲಿಲ್ಲ. ಆಗ ಗೇರಣ್ಣನವರ ಪತ್ನಿ ಹತ್ತಿರ ಬಂದರು.

8. ಇಲ್ಲಿ ಸ್ವಲ್ಪ ಹಿನ್ನೆಲೆ ಅವಶ್ಯಕ. ಗೇರಣ್ಣ ಇದೇ ಜೀಪಿನಲ್ಲಿ ಅಧಿಕಾರಿಗಳ ಪತ್ನಿಯರನ್ನು ಅಂಗಡಿಗೂ, ಮಕ್ಕಳನ್ನು ಶಾಲೆಗೂ, ಒಮ್ಮೆ ಒಬ್ಬರ ನಾಯಿಯನ್ನು ವೈದ್ಯರ ಬಳಿಗೂ ಕರೆದೊಯ್ದಿದ್ದಾರೆ. ಚಾಲಕರ ಮನೆಯವರು ಇಲಾಖೆಯ ವಾಹನ ಹತ್ತುವಂತಿಲ್ಲ ಎಂಬ ನಿಯಮವಿರುವುದರಿಂದ, ಅವರ ಪತ್ನಿ ಅದೇ ರಸ್ತೆಯಲ್ಲಿ ಚೀಲ ಹಿಡಿದು ನಡೆದು ಹೋಗುತ್ತಿದ್ದರು. ಗೇರಣ್ಣ ಪಕ್ಕದಲ್ಲಿ ಹಾದು ಹೋಗುವಾಗ ಒಮ್ಮೆ ಮೆಲ್ಲಗೆ ಹಾರ್ನ್ ಹೊಡೆಯುತ್ತಿದ್ದರು. ಹಾರ್ನ್ ಕುರಿತು ನಿಯಮವಿರಲಿಲ್ಲ.

9. ಆಕೆ ಜೀಪಿನ ಒಳಗೆ ಇಣುಕಿ ನೋಡಿ, "ನಾನೂ ಒಂದ್ಸಲ ಕೂತ್ಕೊಂಡ್ ನೋಡ್ಲಾ?" ಎಂದು ಕೇಳಿದರು. "ಸಾಹೇಬ್ರು ನೋಡ್ತಿದಾರೆ ಕಣೇ" ಎಂದು ಗೇರಣ್ಣ ತಗ್ಗಿದ ದನಿಯಲ್ಲಿ ಹೇಳಿದರು. "ನೋಡ್ಲಿ ಬಿಡಿ. ಎಲ್ಲಿಗೂ ಹೋಗೋ ಗಾಡಿ ಅಲ್ವಲ್ಲ ಇದು" ಎಂದು ಆಕೆ ಉತ್ತರಿಸಿದ್ದು ಎಲ್ಲರಿಗೂ ಕೇಳಿಸಿತು. ಖಾಸಗಿ ವ್ಯಕ್ತಿಗಳು ಇಲಾಖೆಯ ವಾಹನದಲ್ಲಿ ಆಸೀನರಾಗುವುದನ್ನು ನಿಷೇಧಿಸುವ ನಿಯಮವನ್ನು ಉಲ್ಲೇಖಿಸಲು ಕೆಳಸಹಿದಾರರು ಬಾಯಿ ತೆರೆದರು. ಪಕ್ಕದಲ್ಲಿ ನಿಂತಿದ್ದ ಅವರ ಪತ್ನಿ, "ರೀ, ಬಾಯಿ ತೆಗೆದಿದೀರಲ್ಲ, ಹಾಗೇ ಮುಚ್ಚಿ" ಎಂದು ಆದೇಶಿಸಿದರು. ಆದೇಶವನ್ನು ತಕ್ಷಣ ಪಾಲಿಸಲಾಯಿತು. ಕೆಳಸಹಿದಾರರು ತಮ್ಮ ಸೇವಾವಧಿಯಲ್ಲಿ ಅಷ್ಟು ಶೀಘ್ರವಾಗಿ ವಿಲೇವಾರಿ ಮಾಡಿದ ವಿಷಯ ಮತ್ತೊಂದಿಲ್ಲ.

10. ಗೇರಣ್ಣನವರ ಪತ್ನಿ ಮುಂದಿನ ಸೀಟಿನಲ್ಲಿ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಗೇರಣ್ಣ ಚಾಲಕರ ಸ್ಥಾನಕ್ಕೆ ಏರಿ ಅಭ್ಯಾಸಬಲದಿಂದ ಹ್ಯಾಂಡ್‌ಬ್ರೇಕ್ ಇಳಿಸಿದರು. ಹಿಂದೆ ನಿಂತಿದ್ದ ಮಕ್ಕಳು ತಳ್ಳಿದರು. ಬೆರಳಚ್ಚುಗಾರ್ತಿಯವರು ತಳ್ಳಿದರು, ಮೀಸೆಯವರು ತಳ್ಳಿದರು, ಕೆಳಸಹಿದಾರರ ಪತ್ನಿಯೂ ತೋಳೇರಿಸಿಕೊಂಡು ಕೈ ಹಾಕಿದರು. ಜೀಪು ನರಳಿ, ಕೆಮ್ಮಿ, ಹೊರಟಿತು. ಹಾರ್ನ್ ಸತ್ತುಹೋಗಿದ್ದರಿಂದ ಗೇರಣ್ಣ ಬಾಯಿಯಲ್ಲೇ ಹಾರ್ನ್ ಹೊಡೆದರು. ತಳ್ಳುವವರನ್ನು ತಡೆಯುವ ಉದ್ದೇಶದಿಂದ ಮಾತ್ರ ತಾವು ಹಿಂದಿನಿಂದ ಓಡಿದ್ದಾಗಿ ಕೆಳಸಹಿದಾರರು ವಾದಿಸಿರುತ್ತಾರೆ. ಛಾಯಾಚಿತ್ರದಲ್ಲಿ ಅವರ ಎರಡೂ ಅಂಗೈಗಳು ಜೀಪಿನ ಮೇಲಿದ್ದು, ಮುಖವು ಹಲ್ಲು ಕಾಣುವಷ್ಟು ಅಗಲವಾಗಿದ್ದ ಕಾರಣ ವಾದವನ್ನು ತಿರಸ್ಕರಿಸಲಾಗಿದೆ.

11. ಹಿತ್ತಲಿನ ನೆಲ ಕಚೇರಿಯ ಕಡೆಗೆ ಇಳಿಜಾರಾಗಿದೆ ಎಂಬುದನ್ನು ಪ್ರತಿ ಮಳೆಗಾಲದಲ್ಲೂ ತಮ್ಮ ಕೊಠಡಿಗೆ ನೀರು ನುಗ್ಗಿದಾಗ ಕೆಳಸಹಿದಾರರು ವರದಿ ಮಾಡುತ್ತಾ ಬಂದಿದ್ದಾರೆ. ಅಂದು ಮಾತ್ರ ಮರೆತಿದ್ದರು. ಜೀಪು ತಳ್ಳುವವರ ಕೈಬಿಟ್ಟು ಮುಂದೋಡಿತು. ಬ್ರೇಕ್ ಹಿಡಿಯಲಿಲ್ಲ. ಗೇರಣ್ಣ ಸ್ಟೀರಿಂಗ್ ತಿರುಗಿಸಿ ಮೆಟ್ಟಿಲು, ನೀರಿನ ತೊಟ್ಟಿ ಹಾಗೂ ಇನ್ನೂ ಎಚ್ಚರವಾಗದೆ ನಿದ್ರಿಸುತ್ತಿದ್ದ ಮಾವನವರನ್ನು ತಪ್ಪಿಸಿದರು. ಕೆಳಸಹಿದಾರರ ಕೊಠಡಿಯ ಗೋಡೆಯನ್ನು ತಪ್ಪಿಸಲಾಗಲಿಲ್ಲ. ಪೆಟ್ಟು ಮೆಲ್ಲಗಾಯಿತು. ಒಳಗೆ ನಾಮಫಲಕ ಬಿದ್ದ ಸದ್ದು ಕೇಳಿಸಿತು. ಹಿಂಬಾಗಿಲು ತಾನಾಗಿ ತೆರೆದುಕೊಂಡು, ಕುಂಬಳಕಾಯಿ ಉರುಳಿ ಬಂದು ಹುಲ್ಲಿನ ಮೇಲೆ ನಿಂತಿತು. ಹೀಗೆ ಕೊಯ್ಲು ನೆರವೇರಿತು.

12. ಆಗ ಯಾರೂ ಕಾಯಿಯ ಕಡೆ ನೋಡಲಿಲ್ಲ. ಗೇರಣ್ಣ ಗಾಬರಿಯಿಂದ ಪತ್ನಿಯ ಮುಖ ನೋಡಿದರು. ಆಕೆ ಚೀಲವನ್ನು ಅವಚಿಕೊಂಡು ನಗುತ್ತಿದ್ದರು. ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಗೇರಣ್ಣ ಕೆಳಗಿಳಿದು, ಸುತ್ತಿ ಬಂದು, ಅಂಗಿ ಎಳೆದುಕೊಂಡು, ಎಡಬದಿಯ ಬಾಗಿಲು ತೆರೆದು ನೆಟ್ಟಗೆ ನಿಂತರು. ಅಧಿಕಾರಿಗಳಿಗೆ ಬಾಗಿಲು ತೆರೆಯುವಾಗಲೂ ಅವರು ಹೀಗೆಯೇ ನಿಲ್ಲುತ್ತಿದ್ದರು. ಆಗ ನಗುತ್ತಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಆಕೆ ಅವಸರವಿಲ್ಲದೆ ಇಳಿದರು. ಇಳಿಯುವಾಗ ಆಕೆ "ನಾಳೆ ಬೇಗ ಬನ್ನಿ" ಎಂದು ಥೇಟ್ ಅಧಿಕಾರಿಯ ಗತ್ತಿನಲ್ಲಿ ಹೇಳಿದ್ದಕ್ಕೆ ಇಡೀ ಹಿತ್ತಲು ನಕ್ಕಿತು. ಆ ಗತ್ತು ಯಾರದೆಂದು ಕೆಳಸಹಿದಾರರಿಗೆ ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು.

13. ಕಾಯಿಯನ್ನು ಹೋಳು ಮಾಡಿ, ಓದದೆ ಉಳಿದಿದ್ದ ಹಿಂದಿನ ಸುತ್ತೋಲೆಯ ಪ್ರತಿಗಳಲ್ಲಿ ಸುತ್ತಿ, ಎಲ್ಲ ಮನೆಗಳಿಗೂ ಹಂಚಲಾಯಿತು. ಆ ಸುತ್ತೋಲೆ ಪ್ರತಿ ಮನೆಯನ್ನೂ ತಲುಪಿದ್ದು ಹೀಗೆ.

14. ಗೋಡೆಯ ಬಿರುಕಿನ ಬಗ್ಗೆ ಕೇಂದ್ರ ಕಚೇರಿಯು ವಿವರಣೆ ಕೇಳಿತು. ನಡೆದದ್ದನ್ನು ನಡೆದಂತೆ ಬರೆದು, ತಪ್ಪೆಲ್ಲವೂ ಯೋಜಿಸಿದವರದು, ಚಾಲಕರದು ಏನೂ ಇಲ್ಲ ಎಂದು ಕೆಳಸಹಿದಾರರು ಉತ್ತರಿಸಿದರು. ಒಂದು ವೇಳೆ ಯಾರನ್ನಾದರೂ ದಂಡಿಸಬೇಕಾದಲ್ಲಿ ತಮ್ಮನ್ನೇ ದಂಡಿಸಬಹುದೆಂದೂ, ಗೇರಣ್ಣನವರನ್ನು ಅಂಟಿನ ಡಬ್ಬಿಯಿಂದ ಬಿಡುಗಡೆ ಮಾಡಬೇಕೆಂದೂ ಕೋರಿದರು. ಕೇಂದ್ರ ಕಚೇರಿಯು ಎರಡನ್ನೂ ಒಪ್ಪಿರುತ್ತದೆ. ಸದರಿ ಜೀಪು ಚಲಿಸಿರುವುದು ಅಧಿಕಾರಿಯ ಹೇಳಿಕೆಯಿಂದಲೇ ದೃಢಪಟ್ಟಿರುವ ಕಾರಣ ಅದನ್ನು ಹರಾಜಿನ ಪಟ್ಟಿಯಿಂದ ತೆಗೆದು ಸುಸ್ಥಿತಿಯ ವಾಹನವೆಂದು ಪರಿಗಣಿಸಲಾಗಿದೆ. ಹೊಸ ಕಾರಿಗಾಗಿ ಕೆಳಸಹಿದಾರರು ಸಲ್ಲಿಸಿದ್ದ ಮನವಿಯನ್ನು ವಜಾ ಮಾಡಿ, ಇನ್ನು ಮುಂದೆ ಅವರ ಎಲ್ಲ ಪ್ರವಾಸಗಳನ್ನು ಇದೇ ಜೀಪಿನಲ್ಲಿ, ಗೇರಣ್ಣನವರ ಚಾಲನೆಯಲ್ಲಿ ಕೈಗೊಳ್ಳಲು ಆದೇಶಿಸಲಾಗಿದೆ. ಇಂಜಿನ್ ಬಗ್ಗೆ ಆದೇಶವು ಮೌನವಾಗಿದೆ.

15. ಆದ್ದರಿಂದ ಈ ಮೂಲಕ ಎಲ್ಲರ ಗಮನಕ್ಕೆ ತರುವುದೇನೆಂದರೆ, ಬರುವ ಸೋಮವಾರ ಬೆಳಿಗ್ಗೆ ಕೆಳಸಹಿದಾರರು ತಪಾಸಣಾ ಪ್ರವಾಸಕ್ಕೆ ಹೊರಡುವರು. ಹಿತ್ತಲಿನಿಂದ ಗೇಟಿನವರೆಗೆ ಈ ಬಾರಿ ಏರು. ಸಿಬ್ಬಂದಿಯು ತಪ್ಪದೆ ಕುಟುಂಬಸಮೇತರಾಗಿ ಹಾಜರಿರತಕ್ಕದ್ದು.

ಸಹಿ/-
ಕಚೇರಿಯ ಮುಖ್ಯಸ್ಥರು
(ನಾಮಫಲಕ ದುರಸ್ತಿಯಲ್ಲಿದೆ)

ಪ್ರತಿಗಳು:
1. ಕೇಂದ್ರ ಕಚೇರಿಗೆ, ಎಂದಿನಂತೆ ಓದದೆ ಕಡತಕ್ಕೆ ಸೇರಿಸಲು ಕೋರಿ.
2. ಹಿರಿಯ ಬೆರಳಚ್ಚುಗಾರ್ತಿಯವರಿಗೆ, ಮಾಹಿತಿಗಾಗಿ (ಬೆರಳಚ್ಚು ಮಾಡುವಾಗ ನಕ್ಕಿದ್ದನ್ನು ಗಮನಿಸಲಾಗಿದೆ).
3. ದಪ್ಪ ಮೀಸೆಯವರಿಗೆ, ವಿಳಾಸ ತಿಳಿದಲ್ಲಿ.
4. ಕೆಳಸಹಿದಾರರ ಪತ್ನಿಯವರಿಗೆ, ಘಟನೋತ್ತರ ಅನುಮೋದನೆಗಾಗಿ.
5. ಗೇರಣ್ಣನವರಿಗೆ. ಸೋಮವಾರ ಮುಂದಿನ ಸೀಟು ಖಾಲಿ ಇರುವುದಿಲ್ಲವೆಂದು ತಿಳಿದುಬಂದಿದೆ. ಕೆಳಸಹಿದಾರರು ಹಿಂದೆ ಕೂರುವರು.