ನನ್ನ ಹೆಗಲ ಮೇಲಿನ ಐದು ನಕ್ಷತ್ರಗಳು

ನನ್ನದೊಂದು ದೌರ್ಬಲ್ಯವನ್ನು ಒಪ್ಪಿಕೊಂಡುಬಿಡುತ್ತೇನೆ. ಮಿಲಿಟರಿಯವರ ಹೆಗಲ ಮೇಲೆ ಹೊಳೆಯುವ ಹಿತ್ತಾಳೆಯನ್ನು ಕಂಡರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಬೇರೆ ಯಾವುದಕ್ಕೂ ಅದು ನೆಟ್ಟಗಾಗುವುದಿಲ್ಲ ಎಂಬುದು ನನ್ನ ಹೆಂಡತಿಯ ದೂರು. ಗಚ್ಚಿಬೌಲಿಯ ನಮ್ಮ ಕಂಪನಿ ನನ್ನನ್ನು ಟೀಮ್ ಲೀಡ್ ಮಾಡಿದಾಗ ಹೆಗಲ ಮೇಲೆ ಏರಿದ್ದು ಕೆಲಸ ಮಾತ್ರ. ಅದಕ್ಕೇ ಆಫೀಸಿನಲ್ಲಿ ವೇಷಭೂಷಣದ ಸ್ಪರ್ಧೆ ಎಂದಾಗ ಭಾನುವಾರದ ಸಂತೆಗೆ ಓಡಿ ಹಳೆಯ ಹಸಿರು ಅಂಗಿಯನ್ನೂ, ಇದ್ದಬದ್ದ ನಕ್ಷತ್ರಗಳನ್ನೂ ಬಾಚಿಕೊಂಡು ಬಂದೆ. ನಕ್ಷತ್ರ ಹೆಚ್ಚಿದ್ದಷ್ಟೂ ಹುದ್ದೆ ದೊಡ್ಡದು ಎಂಬುದು ನನ್ನ ತಿಳಿವಳಿಕೆ. ಸಿಕ್ಕಿದ್ದು ಒಂಬತ್ತು. ಬಲಕ್ಕೆ ಐದು, ಎಡಕ್ಕೆ ನಾಲ್ಕು. ಆ ಒಂದು ಕೊರತೆಯಿಂದ ಬಹುಮಾನ ಕೈತಪ್ಪೀತು ಎಂಬ ಚಿಂತೆ ಹತ್ತಿತು.

ಸ್ಪರ್ಧೆಯ ಬೆಳಿಗ್ಗೆ ಆ ವೇಷ ತೊಟ್ಟು ಅಪಾರ್ಟ್‌ಮೆಂಟಿನ ಗೇಟಿನ ಬಳಿ ಬಂದರೆ, ನಮ್ಮ ಕಾವಲುಗಾರ ಶರಣಪ್ಪನವರು ಕರವಸ್ತ್ರದಲ್ಲಿ ಒಂದು ನಕ್ಷತ್ರವನ್ನು ಒರೆಸುತ್ತ ಕೂತಿದ್ದಾರೆ! ಬೀದರ್ ಕಡೆಯವರು, ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. "ಇವತ್ತೊಂದು ದಿನ ಇದನ್ನು ಕೊಡ್ತೀರಾ? ಸಂಜೆ ವಾಪಸ್ ಕೊಡ್ತೀನಿ" ಎಂದು ಕೈಚಾಚಿದೆ.

ಅವರು ನನ್ನ ಎರಡೂ ಹೆಗಲುಗಳನ್ನು ನಿಧಾನವಾಗಿ ನೋಡಿದರು. "ಸಾಹೇಬ್ರ, ಹೆಗಲ ಮ್ಯಾಲ ಮೂರಕ್ಕಿಂತ ಜಾಸ್ತಿ ಸ್ಟಾರ್ ಇರಂಗಿಲ್ರಿ. ಐದು ಇರೋದು ಹೋಟೆಲಿಗೆ."

ನಾನು ಪೆಚ್ಚಾಗಿ ನಕ್ಕೆ. ಅವರು ನಗಲಿಲ್ಲ.

"ಇದು ನಮ್ಮ ಕ್ಯಾಪ್ಟನ್ ಸಾಹೇಬ್ರದು. ಲಡಾಯಿದಾಗ ಅವರನ್ನ ಹೊತ್ಕೊಂಡು ಗುಡ್ಡ ಇಳದೆ. ಕೆಳಗ ಬರೋದ್ರಾಗ ಅವರು ಹೋಗಿಬಿಟ್ಟಿದ್ರು, ಇದು ನನ್ನ ಮುಷ್ಟ್ಯಾಗ ಉಳದಿತ್ತು. ಅವರ ತಾಯಿಗೆ ಕೊಡಾಕ ಹೋದ್ರ, ನೀನೇ ಇಟ್ಕೊ ಮಗಾ ಅಂದ್ರು. ಹಿಡೀರಿ, ನೋಡ್ರಿ."

ನನ್ನ ಎಡ ಅಂಗೈಯಲ್ಲಿ ಇಟ್ಟರು. ಒಂದು ಮೂಲೆ ಸೊಟ್ಟಗಾಗಿತ್ತು. ಅಷ್ಟು ಪುಟ್ಟ ವಸ್ತುವನ್ನು ಹಿಡಿದು ಅಷ್ಟು ಹೆದರಿದ್ದು ನನಗೆ ನೆನಪಿಲ್ಲ. ಉಸಿರು ಜೋರಾಗಿ ಬಿಡಲೂ ಸಂಕೋಚ. ನನ್ನ ಹೆಗಲ ಮೇಲಿದ್ದ ಒಂಬತ್ತೂ ತಗಡಿನ ಚೂರುಗಳಾಗಿ ಚುಚ್ಚತೊಡಗಿದವು.

ಅಷ್ಟರಲ್ಲಿ ಶರಣಪ್ಪನವರು ಎದ್ದು ಟೋಪಿ ಸರಿಪಡಿಸಿಕೊಂಡು, ಹಿಮ್ಮಡಿ ಕೂಡಿಸಿ, ಖಡಕ್ಕಾಗಿ ಒಂದು ಸಲ್ಯೂಟ್ ಹೊಡೆದರು. ಡ್ಯೂಟಿಗೆ ಮುಂಚೆ ದಿನಾ ಹೀಗೆ ಆ ನಕ್ಷತ್ರಕ್ಕೆ ವಂದಿಸುತ್ತಾರಂತೆ. ನನಗೇನು ಗೊತ್ತು? ಗತ್ತಿನಿಂದ ನನ್ನ ಬಲಗೈಯೂ ಮೇಲೆ ಹೋಯಿತು.

"ನಿಮಗಲ್ಲರಿ, ಸಾಹೇಬ್ರ" ಎಂದರು, ಮೆಲ್ಲಗೆ.

ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ತಲೆ ಕೆರೆದುಕೊಂಡೆ.